‘ಪುಟ್ ಆಫ್’ ಎಂಬ ಜೋಡುಮಾತು

‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ; ಈ ಎರಡು ಸಾಮಾನ್ಯ ಶಬ್ದಗಳು ಜೊತೆಗೂಡಿದೊಡನೆ, ಇಂದೇ ಕೈಗೊಳ್ಳಬೇಕಾದ ನಿರ್ಣಯವನ್ನು ಮತ್ತೊಂದು ದಿನಕ್ಕೆ ಸರಿಸುವುದೆಂಬ ಹೊಸ ಅರ್ಥ ಹುಟ್ಟಿಬಿಡುವುದು, ಪದಪದಕ್ಕೂ ಅರ್ಥ ಬರೆದುಕೊಂಡು ಇಂಗ್ಲಿಷ್ ಕಲಿತ ನಮ್ಮಲ್ಲಿ ಬಹುಜನರಿಗೆ ವಿಸ್ಮಯಕರವಾಗಿ ತೋರುತ್ತದೆ. ಆದರೆ ‘ಹುಟ್ಟಿಬಿಡುವುದು’ ಎಂದು ಈಗತಾನೆ ಬರೆದೆನಷ್ಟೆ. ಅಲ್ಲಿ ಯಾರೂ ಯಾವುದನ್ನೂ ಬಿಡುತ್ತಿಲ್ಲ. ‘ಬಿಡು’ ತನ್ನ ಮೂಲಾರ್ಥವನ್ನು ತೊರೆದು ಕ್ರಿಯೆಗೊಂದು ಛಾಯೆಯನ್ನು ಮಾತ್ರ ಕೊಡುತ್ತಿದೆ. ‘ಆಫ್’ ಮಾಡುವ ಕಾರ್ಯವೂ ಇದಕ್ಕೆ ಸಮೀಪವಾದುದೇ.

ಲ್ಯಾಟಿನ್ನಿನಿಂದ ಬಂದ ‘ಪೋಸ್ಟ್‌ಪೋನ್’ ಎಂಬುದಕ್ಕೆ ‘ಅನಂತರ ಇಡು’ ಎಂದೇ ಧಾತ್ವರ್ಥ. ಕಚೇರಿಯ ಸುತ್ತೋಲೆಗೆ ಅದು ಶೋಭಿಸುವುದು, ಮನೆಮಾತಿಗೆ ‘ಪುಟ್ ಆಫ್’ ಹೆಚ್ಚು ಸಹಜ.

ಪ್ರಯೋಗದಲ್ಲಿ ನಮ್ಮವರು ಎಡವುವ ಸ್ಥಳಗಳು ಮುಖ್ಯವಾಗಿ ಎರಡು. ‘ಪುಟ್ ಆಫ್ ದ ಡಿಸಿಷನ್’ ಎನ್ನಬಹುದು, ‘ಪುಟ್ ದ ಡಿಸಿಷನ್ ಆಫ್’ ಎಂದರೂ ಸಾಧುವೇ; ಆದರೆ ಸರ್ವನಾಮವು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ಎರಡನೆಯದಾಗಿ, ‘ಪುಟ್ ಆಫ್ ಟು ಗೋ’ ಎಂಬುದು ಅಸಾಧು, ‘ಪುಟ್ ಆಫ್ ಗೋಯಿಂಗ್’ ಎನ್ನಬೇಕು. ಇದಕ್ಕೆ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಕನ್ನಡವನ್ನೇ ಕೇಳಿಕೊಳ್ಳುವುದು ಲೇಸು: ‘ಹೋಗುವುದನ್ನು ಮುಂದಕ್ಕೆ ಹಾಕಿದ’ ಎನ್ನುತ್ತೇವೆಯೇ ಹೊರತು ‘ಹೋಗಲು ಮುಂದಕ್ಕೆ ಹಾಕಿದ’ ಎಂದು ಯಾರೂ ಆಡುವುದಿಲ್ಲ.

ಕಾರ್ಯವನ್ನಷ್ಟೇ ಅಲ್ಲ, ಮನುಷ್ಯನನ್ನೂ ಹೀಗೆ ಸಾಗಹಾಕಬಹುದು. ಸಾಲ ಕೇಳಬಂದವನಿಗೆ ನೆಪ ಹೇಳಿ ಕಳುಹಿಸುವುದೂ ‘ಪುಟ್ ಹಿಮ್ ಆಫ್’. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಮನೆಬಾಗಿಲುಗಳಲ್ಲಿ, ರಾತ್ರಿ ಬಂದು ಕದ ತಟ್ಟುವುದೆಂದು ಜನ ಭಯಪಟ್ಟಿದ್ದ ಪ್ರೇತಕ್ಕಾಗಿ ‘ನಾಳೆ ಬಾ’ ಎಂದು ಬರೆದಿದ್ದರಲ್ಲವೆ, ಆ ಎರಡು ಪದಗಳ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಇದಕ್ಕಿಂತ ನಿಕಟವಾಗಿ ಹೇಳುವ ಕ್ರಿಯಾಪದವನ್ನು ನಾನು ಕಾಣೆ. ಮರುದಿನ ಬಂದರೂ ಅದೇ ಬರಹ; ಅವಧಿಯೆಂಬುದೇ ಇಲ್ಲ. ‘ಪುಟ್ ಆಫ್’ ಸಹ ತಾನಾಗಿ ಗಡುವನ್ನು ಹೇಳದು. ‘ಅಂಟಿಲ್ ಮಂಡೇ’ ಎಂದು ನಾವೇ ಕೂಡಿಸಬೇಕು.

ಇದರ ನೆರೆಯದಾದ ‘ಸ್ಲೀಪ್ ಆನ್ ಇಟ್’ ಎಂಬುದರ ಶೀಲವೇ ಬೇರೆ. ಹೊಲ ಮಾರುವ ವಿಚಾರವಾಗಲಿ, ಮಗಳ ಸಂಬಂಧದ ಮಾತಾಗಲಿ, ಕೇಳಿದೊಡನೆ ಒಪ್ಪದೆ, ನಿರಾಕರಿಸಲೂ ಒಲ್ಲದೆ, ಒಂದಿರುಳು ಯೋಚಿಸಿ ಹೇಳುತ್ತೇನೆಂಬ ಪ್ರಾಮಾಣಿಕ ಯಾಚನೆ ಅದರಲ್ಲಿದೆ. ಹಾಗೆ ನುಡಿದವನ ಕದವನ್ನು ಮರುದಿನ ಬೆಳಗ್ಗೆ ತಟ್ಟಲು ಕೇಳಿದವನಿಗೆ ಪೂರ್ಣ ಅಧಿಕಾರವುಂಟು.