ಸುತ್ತಿನಿಂದ ಹೊರಬರುವ ದಾರಿ

ಚಿಕ್ಕಂದಿನಲ್ಲಿ ಅಗಡಿಯ ನಮ್ಮ ಮನೆಯಲ್ಲಿ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಕಣಜದ ತುಂಬ ಜೋಳ. ಒಂದು ಗುಬ್ಬಿ ಬಂದಿತು, ಒಂದು ಕಾಳು ಒಯ್ದಿತು. ಮತ್ತೊಂದು ಗುಬ್ಬಿ ಬಂದಿತು, ಮತ್ತೊಂದು ಕಾಳು ಒಯ್ದಿತು. "ಆಮ್ಯಾಲ?" ಎಂದರೆ ಮತ್ತೆ ಗುಬ್ಬಿಯೇ. ನಮಗೆ ನಿದ್ದೆ ಬಂದ ಹೊರತು ಆ ಕಥೆ ಮುಗಿಯುತ್ತಿರಲಿಲ್ಲ. ಗಣಕಯಂತ್ರದ ಪ್ರೋಗ್ರಾಮಿನಲ್ಲಿ ಲೂಪ್ ಎಂದು ಕರೆಯುವುದು ಇಂಥ ಸುತ್ತನ್ನೇ. ಯಂತ್ರಕ್ಕೆ ನಿದ್ದೆ ಬಾರದು. ಆದುದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ಬರೆದಿಡಬೇಕು. ಹಾಗೆ ಬರೆದುದು ಓದುವ ಮನುಷ್ಯನಿಗೂ ತಿಳಿಯಬೇಕೆಂಬುದನ್ನು ನಾನು ಕಲಿತದ್ದು ತಪ್ಪು ಮಾಡಿ.

ನಮ್ಮವ್ವ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅವಳದೂ ಜೊತೆಗಾರ್ತಿಯರದೂ ದಿನದ ತೂಕವನ್ನು ಲೆಕ್ಕ ಹಾಕಲು ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದೆ. ತೂಕ ಓದು, ದಿನಕ್ಕೆ ಒಂದು ಕೂಡಿಸು, ಮೊತ್ತಕ್ಕೆ ತೂಕ ಸೇರಿಸು. ತೂಕ ಸೊನ್ನೆಯಾಗುವ ತನಕ ಹೀಗೆಯೇ ಮಾಡು. ಸೊನ್ನೆಯೆಂದರೆ ಪಟ್ಟಿ ಮುಗಿಯಿತೆಂಬ ಗುರುತು. ಅವ್ವನ ಲೆಕ್ಕ 42 ಕಿಲೋ, ಏಳು ದಿನ, ದಿನಕ್ಕೆ 6 ಕಿಲೋ ಎಂದು ಬಂದಿತು. ವಾರಕ್ಕೆ ಏಳು ದಿನವಷ್ಟೇ, ನನಗೆ ಸಂಶಯ ಬರಲಿಲ್ಲ.

"ಅಮಾಸಿ ದಿನ ನಾ ಹೋಗೇ ಇಲ್ಲಲ್ಲೋ, ಆರ ದಿನ ಆಗ್ಬೇಕು," ಎಂದಳು ಅವ್ವ.

ಶಾಲೆಯ ಮೆಟ್ಟಿಲು ಹತ್ತದ ಅವಳು ಹೇಳಿದ್ದೇ ಸರಿ. ನನ್ನ ಸುತ್ತು ಬಾಗಿಲಲ್ಲಿ ಮಾತ್ರ ಪರೀಕ್ಷೆ ಮಾಡುತ್ತಿತ್ತು. ಸೊನ್ನೆಯನ್ನು ಓದಿದ್ದು ಒಳಗೆ. ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಅದೂ ಒಂದು ದಿನವೆಂದು ಎಣಿಕೆಯಾಗಿತ್ತು. ದಿನಕ್ಕೆ 7 ಕಿಲೋ ಬಿಡಿಸಿದವಳು ಕಾಗದದ ಮೇಲೆ 6 ಕಿಲೋದವಳಾಗಿದ್ದಳು. ಆ ಕಾಗದ ಕೂಲಿ ಕೊಡುವವರ ಕೈಗೆ ಹೋಗಿದ್ದರೆ ಎಲ್ಲ ಹೆಂಗಸರೂ ಮೈಗಳ್ಳರೆನಿಸುತ್ತಿದ್ದರು.

ತಿದ್ದಲು ಮೊದಲು ಸುತ್ತಿನ ಹೊರಗೆ ಒಮ್ಮೆ, ಒಳಗೆ ಕೊನೆಯಲ್ಲಿ ಇನ್ನೊಮ್ಮೆ ತೂಕ ಓದಿಸಿದೆ. ಉತ್ತರ ಸರಿಬಂದಿತು. ಆದರೆ ಒಂದೇ ಸಾಲು ಎರಡು ಕಡೆ. ಮುಂದೆ ಒಂದನ್ನು ಬದಲಿಸಿದವನು ಇನ್ನೊಂದನ್ನು ಮರೆತಾನು. ಬಳಿಕ 'ಮುಗಿಯಿತು' ಎಂಬ ಗುರುತನ್ನಿಟ್ಟು ನೋಡಿದೆ. ಅದು ಎಲ್ಲಿ ಬದಲಾಯಿತು, ಎಲ್ಲಿ ಪರೀಕ್ಷೆಯಾಯಿತು ಎಂದು ಹುಡುಕುವುದರಲ್ಲಿಯೇ ಓದುವವನು ದಣಿಯುತ್ತಾನೆ. ಕೊನೆಗೆ ಒಪ್ಪಿದ್ದು ಹೀಗೆ: ಸುತ್ತು ಸದಾ ತಿರುಗಲಿ, ತೂಕ ಓದು, ಸೊನ್ನೆಯಾದರೆ ಅಲ್ಲಿಯೇ ಬ್ರೇಕ್ ಎಂದು ಹೊರಬಾ, ಇಲ್ಲವಾದರೆ ಎಣಿಸಿ ಕೂಡಿಸು. ಹೊರದಾರಿ ಒಂದೇ, ಅದೂ ಮೇಲ್ಭಾಗದಲ್ಲಿ ಕಣ್ಣಿಗೆ ಬೀಳುವಂತೆ.

ನಡುವಿನಿಂದ ಹೊರಬರುವುದು ಅಶಿಸ್ತೆನ್ನುವವರೂ ಉಂಟು. 1966ರಲ್ಲಿ ಬೋಮ್ ಮತ್ತು ಯಾಕೊಪಿನಿ ಎಂಬವರು ಅನುಕ್ರಮ, ಆಯ್ಕೆ, ಆವರ್ತನೆ ಈ ಮೂರೇ ಸಾಕೆಂದು ತೋರಿಸಿದರು. 1968ರಲ್ಲಿ ಡೈಕ್‌ಸ್ಟ್ರಾ ಮನಬಂದತ್ತ ಜಿಗಿಯುವ 'ಗೋ ಟು' ಆಜ್ಞೆಯನ್ನು ಖಂಡಿಸಿ ಪತ್ರ ಬರೆದರು. ಆದರೆ 1974ರಲ್ಲಿ ಡೊನಾಲ್ಡ್ ಕ್ನೂತ್ ಎತ್ತಿಕೊಂಡ ಉದಾಹರಣೆಗಳಲ್ಲಿ ನಡುವೆಯೇ ಮುಗಿಯುವ ಈ ಒಂದೂವರೆ ಸುತ್ತೂ ಇತ್ತು. ಬ್ರೇಕ್ ಎಲ್ಲಿಗೋ ಜಿಗಿಯುವುದಿಲ್ಲ. ಸುತ್ತಿನ ಮುಂದಿನ ಸಾಲಿಗೆ ತಂದು ನಿಲ್ಲಿಸುತ್ತದೆ. ಅದನ್ನು 'ಗೋ ಟು'ವಿನ ಪಂಕ್ತಿಯಲ್ಲಿ ಕೂರಿಸುವುದು ನನಗೆ ಸರಿಯೆನಿಸದು.

ಪಟ್ಟಿ ಮೊದಲೇ ಕೈಯಲ್ಲಿದ್ದರೆ 'ಫಾರ್' ಸುತ್ತೇ ಸಾಕು, ಸೊನ್ನೆಯ ಗೊಡವೆಯೇ ಬೇಡ. ಸುತ್ತಿನೊಳಗೆ ಸುತ್ತಿದ್ದಾಗ ಮಾತ್ರ ಎಚ್ಚರಿಕೆ ಬೇಕು. ಪ್ರತಿಯೊಬ್ಬಳ ಪ್ರತಿದಿನದ ತೂಕದಲ್ಲಿ ಮೊದಲ ತಪ್ಪು ನಮೂದನ್ನು ಹುಡುಕುವಾಗ ಬ್ರೇಕ್ ಬರೆದೆ. ಅದು ಒಳಸುತ್ತಿನಿಂದಷ್ಟೇ ಹೊರತಂದಿತು, ಹೊರಸುತ್ತು ಮುಂದಿನವಳ ಲೆಕ್ಕಕ್ಕೆ ನಡೆದೇಬಿಟ್ಟಿತು. ಹುಡುಕುವ ಕೆಲಸವನ್ನೇ ಬೇರೊಂದು ಫಂಕ್ಷನ್ ಮಾಡಿ, ಸಿಕ್ಕೊಡನೆ ರಿಟರ್ನ್ ಎಂದು ಬರೆದ ಮೇಲೆ ಎರಡೂ ಒಟ್ಟಿಗೆ ನಿಂತವು.