ವರ್ಲ್ಡ್ ರೆಕಾರ್ಡ್ ಇದೆ, ಚಿನ್ನ ಇಲ್ಲ: ಸ್ಟೀಪಲ್‌ಚೇಸ್ ಅನ್ನೋ ವಿಚಿತ್ರ ಓಟ

2025ರ ಸೆಪ್ಟೆಂಬರ್ 15, ಸೋಮವಾರ. ಸಂಜೆ ನಾವೆಲ್ಲ ಲ್ಯಾಬ್ ರೆಕಾರ್ಡ್ ಬರೀಬೇಕಿತ್ತು. ಬದಲಿಗೆ ಐದು ಜನ ಹಾಸ್ಟೆಲ್ ರೂಮಲ್ಲಿ ಒಂದೇ ಫೋನ್ ಸುತ್ತ ಕೂತು ಟೋಕಿಯೊ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನೋಡ್ತಾ ಇದ್ವಿ. ಕಾರಣ ನಮ್ಮ ಬ್ಯಾಚಿನ ಒಬ್ಬ ಗೆಳೆಯ. ಅವನು ಇಂಟರ್ ಕಾಲೇಜ್ ಮೀಟ್‌ಗಳಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಡ್ತಾನೆ. ಪುರುಷರ ಫೈನಲ್ ಇದೆ, ಎಂಟೇ ನಿಮಿಷ, ನೋಡ್ಲೇಬೇಕು ಅಂತ ಹಟ ಹಿಡಿದಿದ್ದ.

ನೋಡಿದ್ವಿ. ಮೊದಲ ಆರು ನಿಮಿಷ ಬೋರಾಯ್ತು ಅಂತ ಒಪ್ಕೋಬೇಕು. ಎಲ್ಲರೂ ಗುಂಪಾಗಿ, ಸಂತೆಗೆ ಹೊರಟವರ ಹಾಗೆ ನಿಧಾನವಾಗಿ ಓಡ್ತಾ ಇದ್ರು. ಆಮೇಲೆ ಕೊನೆಯ ಸುತ್ತಿನಲ್ಲಿ ಎಲ್ಲಾ ತಲೆಕೆಳಗಾಯ್ತು. ಮೊರಾಕೊದ ಸೌಫಿಯಾನ್ ಎಲ್ ಬಕ್ಕಾಲಿ ಗೆದ್ದೇ ಬಿಟ್ಟ ಅಂದುಕೊಂಡಾಗ, ಹಿಂದಿನಿಂದ ನ್ಯೂಜಿಲೆಂಡಿನ ಜೋರ್ಡಿ ಬೀಮಿಷ್ ಬಂದು ಗೆರೆಯ ಹತ್ತಿರ ಅವನನ್ನು ದಾಟಿದ. 8 ನಿಮಿಷ 33.88 ಸೆಕೆಂಡ್ ಒಬ್ಬನದು, 8 ನಿಮಿಷ 33.95 ಇನ್ನೊಬ್ಬನದು. ಕೊನೆಯಲ್ಲಿ ಸೆಕೆಂಡಿಗೆ 7 ಮೀಟರ್ ವೇಗ ಇತ್ತು ಅಂತ ಇಟ್ಕೊಂಡ್ರೆ ಅಂತರ ಸುಮಾರು ಅರ್ಧ ಮೀಟರ್. ಮೂರನೇ ಸ್ಥಾನ ಕೀನ್ಯಾದ ಎಡ್ಮಂಡ್ ಸೆರೆಮ್‌ಗೆ. ಅವನಿಗೆ ಬರೀ 17 ವರ್ಷ, ಅಂದ್ರೆ ನಮಗಿಂತ ಚಿಕ್ಕವನು. ಇದನ್ನ ಕೇಳಿ ರೂಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಆಮೇಲೆ ಒಂದು ಪ್ರಶ್ನೆ ಎದ್ದಿತು. ಈ ಓಟದ ವಿಶ್ವದಾಖಲೆ 7 ನಿಮಿಷ 52.11 ಸೆಕೆಂಡ್. ಇಥಿಯೋಪಿಯಾದ ಲಮೆಚಾ ಗಿರ್ಮಾ 2023ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು. ವಿಶ್ವ ಚಾಂಪಿಯನ್ ಆದವನು ಅದಕ್ಕಿಂತ 41 ಸೆಕೆಂಡ್‌ಗೂ ಹೆಚ್ಚು ನಿಧಾನ! ಟೋಕಿಯೊದಲ್ಲಿ ಗಿರ್ಮಾಗೆ ಪದಕವೇ ಬರಲಿಲ್ಲ. ಇದು ಹೇಗೆ ಸಾಧ್ಯ?

ಮೊದಲು ಓಟ ಏನು ಅಂತ ನೋಡೋಣ. 1850ರಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಹುಡುಗರು ಕುದುರೆ ರೇಸನ್ನು ಕಾಲ್ನಡಿಗೆಯಲ್ಲೇ ಆಡಿ ನೋಡಿದ್ದು ಇದರ ಮೂಲ ಅಂತಾರೆ. ಕುದುರೆಗಳು ಒಂದು ಚರ್ಚಿನ ಗೋಪುರದಿಂದ ಇನ್ನೊಂದರ ಕಡೆ, ಬೇಲಿ ಹಳ್ಳ ಹಾರಿಕೊಂಡು ಓಡ್ತಿದ್ವು. ಆ ಗೋಪುರವೇ ಸ್ಟೀಪಲ್. ಬೇಲಿ ಹೋಗಿ ಈಗ ಮರದ ಬ್ಯಾರಿಯರ್, ಹಳ್ಳ ಹೋಗಿ ವಾಟರ್ ಜಂಪ್. 3000 ಮೀಟರ್‌ನಲ್ಲಿ 28 ಸಲ ಬ್ಯಾರಿಯರ್, 7 ಸಲ ನೀರು, ಒಟ್ಟು 35 ಜಿಗಿತ. ಪುರುಷರಿಗೆ ಎತ್ತರ 91.4 ಸೆಂ.ಮೀ. ನೀರಿನ ಗುಂಡಿಯ ಉದ್ದ 3.66 ಮೀಟರ್, ಬ್ಯಾರಿಯರ್ ಪಕ್ಕದಲ್ಲೇ ಅತಿ ಆಳ, ಮುಂದೆ ಹೋದಂತೆ ಇಳಿಜಾರು ಮೇಲೇರುತ್ತೆ. ದೂರ ಜಿಗಿದವನಿಗೆ ನೀರು ಕಮ್ಮಿ, ಸೋತ ಕಾಲಿಗೆ ನೀರು ಜಾಸ್ತಿ. ಡಿಸೈನ್ ಮಾಡಿದವನು ಯಾರೋ ಗೊತ್ತಿಲ್ಲ, ಕರುಣೆ ಇಲ್ಲದವನು.

110 ಮೀಟರ್ ಹರ್ಡಲ್ಸ್‌ನಲ್ಲಿ ಕಾಲು ತಗುಲಿದ್ರೆ ಹರ್ಡಲ್ ಬೀಳುತ್ತೆ. ಇಲ್ಲಿ ಬ್ಯಾರಿಯರ್ 80ರಿಂದ 100 ಕೆ.ಜಿ. ತೂಕ. ಅದು ಬೀಳಲ್ಲ, ನೀವು ಬೀಳ್ತೀರಿ.

ಈಗ ನಮ್ಮ ಎಂಜಿನಿಯರಿಂಗ್ ಬುದ್ಧಿ. 35 ಸಲ ಹಾರೋದಕ್ಕೆ ಎಷ್ಟು ಶಕ್ತಿ ಬೇಕು? 60 ಕೆ.ಜಿ. ಓಟಗಾರ, ಪ್ರತಿ ಸಲ ಗುರುತ್ವ ಕೇಂದ್ರ 40 ಸೆಂ.ಮೀ. ಏರುತ್ತೆ ಅಂತ ಅಂದಾಜು ಮಾಡೋಣ. ಎಂಜಿಎಚ್ ಹಾಕಿದ್ರೆ ಒಂದು ಜಿಗಿತಕ್ಕೆ ಸುಮಾರು 235 ಜೂಲ್, 35ಕ್ಕೆ ಸುಮಾರು 8,200 ಜೂಲ್. ಅಂದ್ರೆ ಎರಡು ಕಿಲೋಕ್ಯಾಲೊರಿ. ಸ್ನಾಯುಗಳು ಮುಕ್ಕಾಲು ಪಾಲು ಬಿಸಿಯಾಗಿ ಕಳೀತವೆ ಅಂದ್ರೂ ಎಂಟು. ಒಂದು ಪಾರ್ಲೆ-ಜಿ ಬಿಸ್ಕತ್ತಿನಷ್ಟೂ ಇಲ್ಲ! ನಾವು ಎರಡು ಸಲ ಲೆಕ್ಕ ಮಾಡಿದ್ವಿ.

ಆದ್ರೆ ಗಿರ್ಮಾ 2023ರ ಫೆಬ್ರವರಿಯಲ್ಲಿ ಒಳಾಂಗಣದಲ್ಲಿ ಬ್ಯಾರಿಯರ್ ಇಲ್ಲದ 3000 ಮೀಟರನ್ನು 7 ನಿಮಿಷ 23.81 ಸೆಕೆಂಡ್‌ನಲ್ಲಿ ಓಡಿದ್ದ. ಅದೇ ಮನುಷ್ಯ, ಅದೇ ವರ್ಷ, ಸ್ಟೀಪಲ್‌ಚೇಸ್‌ನಲ್ಲಿ 28.3 ಸೆಕೆಂಡ್ ಜಾಸ್ತಿ. ಟ್ರ್ಯಾಕ್ ಬೇರೆ ಬೇರೆ, ಹಾಗಾಗಿ ಇದು ಒರಟು ಹೋಲಿಕೆ. ಆದ್ರೂ ಒಂದು ಜಿಗಿತಕ್ಕೆ ಸುಮಾರು 0.8 ಸೆಕೆಂಡ್ ನಷ್ಟ. ಎತ್ತರ ತಿನ್ನೋದು ಬಿಸ್ಕತ್ತಿನ ಚೂರು ಮಾತ್ರ ಆದ್ರೆ ಇಷ್ಟು ಟೈಮ್ ಎಲ್ಲಿ ಹೋಗುತ್ತೆ? ಲಯಕ್ಕೆ. ಬ್ಯಾರಿಯರ್ ಹತ್ತಿರ ಬಂದಾಗ ಹೆಜ್ಜೆ ಸರಿ ಮಾಡ್ಕೋಬೇಕು, ಇಳಿದಾಗ ವೇಗ ಕಳ್ಕೋಬೇಕು, ಮತ್ತೆ ಪಡ್ಕೋಬೇಕು. ಸಿಲ್ಕ್ ಬೋರ್ಡ್ ಕಡೆ ಬೈಕ್ ಓಡಿಸಿದವರಿಗೆ ಹೇಳಬೇಕಾಗಿಲ್ಲ, ಪೆಟ್ರೋಲ್ ಕುಡಿಯೋದು ದೂರ ಅಲ್ಲ, ಬ್ರೇಕು.

ಇದರ ಜೊತೆಗೆ ಗುಂಪು ಸೇರಿಸಿ. ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣಲ್ಲ. ಅವನು ಹಾರಿದ ಮೇಲೇ ಬ್ಯಾರಿಯರ್ ಕಾಣೋದು. ಟೋಕಿಯೊ ಹೀಟ್ಸ್‌ನಲ್ಲಿ ಬೀಮಿಷ್‌ಗೆ ಆದದ್ದು ಇಂಥದ್ದೇ. ಗುಂಪಿನಲ್ಲಿ ಬಿದ್ದ, ಹಿಂದಿನಿಂದ ಬಂದ ಕೆನಡಾದ ಓಟಗಾರನ ಸ್ಪೈಕ್ಸ್ ಸೀದಾ ಅವನ ಮುಖದ ಮೇಲೆ. ಎದ್ದು ಓಡಿ ಫೈನಲ್‌ಗೆ ಬಂದ. ಅದಾಗಿ ಎರಡೇ ದಿನಕ್ಕೆ ಚಿನ್ನ.

ಈಗ ಆ 41 ಸೆಕೆಂಡಿಗೆ ಬರೋಣ. ದಾಖಲೆಯ ಓಟದಲ್ಲಿ ಪೇಸ್‌ಮೇಕರ್ ಇರ್ತಾರೆ, ಟ್ರ್ಯಾಕ್ ಅಂಚಿನಲ್ಲಿ ವೇಗ ತೋರಿಸುವ ದೀಪಗಳು ಓಡ್ತವೆ, ಎದುರಾಳಿ ಗಡಿಯಾರ. ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪೇಸ್‌ಮೇಕರ್ ಇಲ್ಲ, ಟೈಮ್ ಯಾರಿಗೂ ಬೇಡ, ಪಕ್ಕದವನಿಗಿಂತ ಒಂದು ಹೆಜ್ಜೆ ಮುಂದಿದ್ರೆ ಸಾಕು. ಮುಂದೆ ಓಡೋನು ಗಾಳಿ ಸೀಳ್ಕೊಂಡು ಹಿಂದಿನವರಿಗೆ ಪುಕ್ಕಟೆ ಸೇವೆ ಮಾಡ್ಬೇಕು. ಹಾಗಾಗಿ ಯಾರೂ ಮುಂದೆ ಹೋಗಲ್ಲ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಮೊದಲ ಸ್ಲೈಡ್ ಯಾರು ಮಾಡ್ತಾರೆ ಅಂತ ಕಾಯೋ ಹಾಗೆ! ಓಟ ನಿಧಾನ ಆದಷ್ಟೂ ಕೊನೆಯ 400 ಮೀಟರ್ ಎಲ್ಲವನ್ನೂ ತೀರ್ಮಾನಿಸುತ್ತೆ. ಬೀಮಿಷ್ 2024ರಲ್ಲಿ ಗ್ಲಾಸ್ಗೊದಲ್ಲಿ 1500 ಮೀಟರ್ ಒಳಾಂಗಣ ವಿಶ್ವ ಚಾಂಪಿಯನ್ ಆದವನು, ಅಲ್ಲೂ ಹಿಂದಿನಿಂದ ಬಂದೇ ಗೆದ್ದಿದ್ದು. ನಿಧಾನ ಓಟ ಅಂದ್ರೆ ಅವನಿಗೆ ಹಬ್ಬ.

ಗಿರ್ಮಾ ಕತೆ ನಮಗೆ ನಿಜಕ್ಕೂ ಬೇಜಾರು ತಂದಿತು. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನು ಸೋತದ್ದು 0.01 ಸೆಕೆಂಡಿನಿಂದ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 2022 ಮತ್ತು 2023ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಬೆಳ್ಳಿ. ಈ ಮೂರು ಸಲವೂ ಚಿನ್ನ ಎಲ್ ಬಕ್ಕಾಲಿಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಸುತ್ತಿನಲ್ಲಿ ಬ್ಯಾರಿಯರ್‌ಗೆ ಎಡವಿ ಬಿದ್ದ, ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಪ್ರಪಂಚದಲ್ಲೇ ಅತಿ ವೇಗದ ಸ್ಟೀಪಲ್‌ಚೇಸರ್‌ಗೆ ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಇಲ್ಲ.

ನಮ್ಮ ಅವಿನಾಶ್ ಸಾಬ್ಳೆ ವಿಷಯದಲ್ಲೂ ಇದೇ ಲೆಕ್ಕ ಕೆಲಸ ಮಾಡುತ್ತೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು, ಸೈನಿಕರು. 2022ರ ಜುಲೈನಲ್ಲಿ ಯುಜೀನ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತುಂಬಾ ನಿಧಾನವಾಗಿತ್ತು. ಸಾಬ್ಳೆ 8 ನಿಮಿಷ 31.75ರಲ್ಲಿ 11ನೇ ಸ್ಥಾನ. ಮೂರು ವಾರ ಕೂಡ ಆಗಿರಲಿಲ್ಲ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಓಟ ವೇಗವಾಗಿ ನಡೆಯಿತು. ಅವರು 8 ನಿಮಿಷ 11.20 ಓಡಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಕೀನ್ಯಾದ ಅಬ್ರಹಾಂ ಕಿಬಿವೊಟ್ ಕೇವಲ 0.05 ಸೆಕೆಂಡ್ ಮುಂದೆ. 1998ರಿಂದ ಆ ಕೂಟದಲ್ಲಿ ಮೂರೂ ಪದಕ ಕೀನ್ಯಾದವರೇ ಹೊತ್ಕೊಂಡು ಹೋಗ್ತಿದ್ರು. ಇಪ್ಪತ್ತು ದಿನದಲ್ಲಿ ಮನುಷ್ಯ ಬದಲಾಗಲಿಲ್ಲ, ಓಟದ ವೇಗ ಬದಲಾಯಿತು. ಒಂದೇ ಸಮ ಜೋರಾಗಿ ಓಡುವವರಿಗೆ ಜೋರಾದ ಓಟ ಬೇಕು.

ಅಂದ ಹಾಗೆ ಈ ಓಟದಲ್ಲಿ ಎಣಿಕೆ ಕೂಡ ಒಮ್ಮೆ ಕೈ ಕೊಟ್ಟಿದೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಧಿಕಾರಿಗಳು ಸುತ್ತು ಎಣಿಸೋದನ್ನ ತಪ್ಪಿ, ಎಲ್ಲರೂ ಒಂದು ಸುತ್ತು ಜಾಸ್ತಿ ಓಡಿದರು. ಫಿನ್‌ಲೆಂಡಿನ ಇಸೊ-ಹೊಲ್ಲೊ ಹೇಗೂ ಗೆದ್ದ. ಆದ್ರೆ 3000 ಮೀಟರ್ ಮುಗಿದಾಗ ಎರಡನೇ ಸ್ಥಾನದಲ್ಲಿದ್ದ ಅಮೆರಿಕದ ಜೋ ಮೆಕ್ಲಸ್ಕಿ ಆ ಹೆಚ್ಚುವರಿ ಸುತ್ತಿನಲ್ಲಿ ಮೂರನೆಯವನಾದ. ಆಫ್-ಬೈ-ವನ್ ಎರರ್‌ಗೆ ಇದಕ್ಕಿಂತ ದುಬಾರಿ ಉದಾಹರಣೆ ನಮಗೆ ಸಿಕ್ಕಿಲ್ಲ.

ನಮ್ಮ ಗೆಳೆಯ ಹೋದ ಮೀಟ್‌ನಲ್ಲಿ ಮೊದಲ ಸುತ್ತಿನಿಂದಲೇ ಮುಂದೆ ಓಡಿದ್ದ. ಪ್ರಾಕ್ಟೀಸ್ ಟೈಮಿಂಗ್ ಅವನದೇ ಬೆಸ್ಟ್ ಇತ್ತು. ಕೊನೆಯ ಸುತ್ತಿನಲ್ಲಿ ಮೂವರು ಅವನನ್ನು ದಾಟಿದ್ರು, ನಾಲ್ಕನೇ ಸ್ಥಾನ. ನಾವು ಅಭ್ಯಾಸ ಮಾಡುವ ಗ್ರೌಂಡಿನಲ್ಲಿ ನೀರಿನ ಗುಂಡಿಯೂ ಇಲ್ಲ, ಮಣ್ಣಲ್ಲಿ ಸುಣ್ಣದ ಗೆರೆ ಎಳೆದು ನೀರು ಅಂದ್ಕೊಂಡು ಹಾರ್ತಾನೆ. ಫೈನಲ್ ಮುಗಿದ ಮೇಲೆ ಫೋನ್ ವಾಪಸ್ ಕೊಡದೆ ಕೊನೆಯ ಸುತ್ತನ್ನು ಹತ್ತು ಸಲವಾದ್ರೂ ನೋಡಿದ. ಮರುದಿನದಿಂದ ಅವನ ಅಭ್ಯಾಸ ಬದಲಾಗಿದೆ: ಸುಸ್ತಾಗುವವರೆಗೆ ಓಡಿ, ಆಮೇಲೆ ನಾಲ್ಕು ಬ್ಯಾರಿಯರ್ ಇಟ್ಟು 400 ಮೀಟರ್ ಸ್ಪ್ರಿಂಟ್. ಸ್ಟಾಪ್‌ವಾಚ್ ಹಿಡಿಯೋದು ನಾವು. ಲ್ಯಾಬ್ ರೆಕಾರ್ಡ್ ಇನ್ನೂ ಬಾಕಿ ಇದೆ.