ಸೀಸದ ಡಬ್ಬಿಯೊಳಗಿನ ಹಸು

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ. ಬೆಳಗಿನ ಏಳು ಗಂಟೆಗೆ ‘ಹಾಟ್ ಲ್ಯಾಬ್’ನ ಬಾಗಿಲು ತೆರೆದ ತಂತ್ರಜ್ಞೆ ನನ್ನ ಜೇಬಿಗೊಂದು ಡೋಸಿಮೀಟರ್ ಸಿಕ್ಕಿಸಿ, ‘ಬನ್ನಿ ಸರ್, ಮೊದಲು ಹಾಲು ಕರೆದುಬಿಡೋಣ, ಆಮೇಲೆ ಮಾತು’ ಎಂದರು. ಸೀಸದ ಇಟ್ಟಿಗೆಗಳ ಮೋಟುಗೋಡೆಯ ಹಿಂದೆ ಒಂದು ಡಬ್ಬಿ ಕೂತಿತ್ತು. ಅದೇ ಅವರ ಹಸು. ಪ್ರಪಂಚದ ಎಷ್ಟೋ ಹಾಟ್ ಲ್ಯಾಬ್‌ಗಳಲ್ಲಿ ಇದಕ್ಕೆ ಇದೇ ಹೆಸರು.

ಡಬ್ಬಿಯ ಮೇಲೆ ಎರಡು ಸೂಜಿ. ಒಂದಕ್ಕೆ ಸಲೈನ್ ಸೀಸೆ ಚುಚ್ಚಿದರು. ಇನ್ನೊಂದಕ್ಕೆ ಗಾಳಿ ತೆಗೆದ ಖಾಲಿ ಸೀಸೆ, ಅದಕ್ಕೂ ಸೀಸದ ಕವಚ. ಖಾಲಿ ಸೀಸೆಯ ನಿರ್ವಾತವೇ ಸಲೈನನ್ನು ಒಳಗಿನ ಅಲ್ಯುಮಿನಾ ಕೊಳವೆಯ ಮೂಲಕ ಎಳೆದುಕೊಂಡಿತು. ಕೆಲವೇ ನಿಮಿಷ, ಕೊನೆಗೆ ನಾಲ್ಕು ಗುಳ್ಳೆ, ಮುಗಿಯಿತು. ಸೀಸೆಯಲ್ಲಿದ್ದದ್ದು ನೋಡಲು ಬರೀ ನೀರು. ಆ ನೀರಿನಲ್ಲಿತ್ತು ವಿಕಿರಣ ಸೂಸುವ ಐಸೋಟೋಪು, ಟೆಕ್ನೀಷಿಯಂ-99ಎಂ. ನ್ಯೂಕ್ಲಿಯರ್ ಮೆಡಿಸಿನ್ ಸ್ಕ್ಯಾನ್‌ಗಳಲ್ಲಿ ಶೇ. 80ರಷ್ಟು ನಡೆಯುವುದು ಇದರ ಬಲದಿಂದಲೇ.

ಕೊಳವೆಯೊಳಗೆ ಅಂಟಿಕೊಂಡಿರುವುದು ಮಾಲಿಬ್ಡಿನಂ-99. ಅದರ ಅರ್ಧಾಯು, ಎಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಹೊತ್ತು, 66 ಗಂಟೆ. ಅದು ಕ್ಷಯಿಸುತ್ತಾ ಟೆಕ್ನೀಷಿಯಂ ಹುಟ್ಟುತ್ತದೆ, ಇದರ ಅರ್ಧಾಯು ಆರೇ ಗಂಟೆ. ಅಲ್ಯುಮಿನಾ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮಗುವನ್ನು ಸಲೈನಿನ ಜೊತೆ ಹೋಗಗೊಡುತ್ತದೆ. ಇಂದು ಕರೆದರೆ ನಾಳೆ ಬೆಳಿಗ್ಗೆ ಮತ್ತೆ ಕೆಚ್ಚಲು ತುಂಬಿರುತ್ತದೆ. ವಾರ ಕಳೆಯುವಷ್ಟರಲ್ಲಿ ಐದನೇ ಒಂದು ಪಾಲೂ ಸಿಗದೆ ಹಸು ಬತ್ತುತ್ತದೆ. ಆಗ ಹೊಸ ಡಬ್ಬಿ ಬರಬೇಕು.

ಕರೆದ ಹಾಲನ್ನು ಹಾಗೇ ಯಾರಿಗೂ ಕೊಡುವುದಿಲ್ಲ. ಮಾಲಿಬ್ಡಿನಂ ಸೋರಿ ಬಂದಿದೆಯೇ ಎಂದು ನೋಡುವ ಪರೀಕ್ಷೆಯನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಸೀಸೆಯನ್ನು ದಪ್ಪ ಸೀಸದ ಕವಚದೊಳಗಿಟ್ಟು ಡೋಸ್ ಕ್ಯಾಲಿಬ್ರೇಟರಿನ ಬಾವಿಗೆ ಇಳಿಸಿದರು. ಟೆಕ್ನೀಷಿಯಂನ ಮೃದು ಗಾಮಾ ಕಿರಣ ಆ ಸೀಸದಲ್ಲೇ ಅಡಗಿಹೋಗುತ್ತದೆ. ಮಾಲಿಬ್ಡಿನಂನ ಗಡಸು ಕಿರಣ ಮಾತ್ರ ದಾಟಿ ಬರುತ್ತದೆ. ಒಂದು ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೋಕ್ಯೂರಿಗಿಂತ ಹೆಚ್ಚು ಮಾಲಿಬ್ಡಿನಂ ಕಂಡರೆ ಅದನ್ನು ರೋಗಿಗೆ ಕೊಡುವಂತಿಲ್ಲ. ಆಮೇಲೆ ಕಾಗದದ ಚೂರಿನ ಮೇಲೆ ಒಂದು ಹನಿ ಬಿಟ್ಟು, ಬಣ್ಣ ನೋಡಿ, ಅಲ್ಯುಮಿನಿಯಂ ಬೆರೆತಿಲ್ಲವೆಂದು ಖಾತ್ರಿ ಮಾಡಿಕೊಂಡರು. ದಿನಾ ಬೆಳಿಗ್ಗೆ ಇಷ್ಟು ಶಿಸ್ತು ಯಾವ ರೋಗಿಯ ಕಣ್ಣಿಗೂ ಬೀಳುವುದಿಲ್ಲ.

ಈ ಟೆಕ್ನೀಷಿಯಂನ ಜಾತಕವೇ ವಿಚಿತ್ರ. ಮೆಂಡಲೀವ್ ಕೋಷ್ಟಕದ 43ನೇ ಮನೆ ದಶಕಗಟ್ಟಲೆ ಖಾಲಿ ಬಿದ್ದಿತ್ತು. ಕ್ಷಯಿಸದೆ ಉಳಿಯುವ ರೂಪವೇ ಈ ಧಾತುವಿಗಿಲ್ಲ. ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನಿನಲ್ಲಿ ಬಳಸಿದ ಮಾಲಿಬ್ಡಿನಂ ಹಾಳೆಯನ್ನು ಅಲ್ಲಿನ ವಿಜ್ಞಾನಿ ಲಾರೆನ್ಸ್ ಅಂಚೆಯಲ್ಲಿ ಇಟಲಿಯ ಪಲೆರ್ಮೊಗೆ ಕಳಿಸಿದರು. 1937ರಲ್ಲಿ ಪಲೆರ್ಮೊದ ವಿಜ್ಞಾನಿಗಳಾದ ಸೆಗ್ರೆ ಮತ್ತು ಪೆರಿಯರ್ ಆ ಹಾಳೆಯಲ್ಲೇ ಅದನ್ನು ಪತ್ತೆ ಹಚ್ಚಿದರು. ಕರೆಯುವ ವಿದ್ಯೆ ಬಂದದ್ದು ಬ್ರೂಕ್‌ಹೇವನ್ ಪ್ರಯೋಗಾಲಯದಿಂದ, 1958ರ ಸುಮಾರಿಗೆ. ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ ಅಯೋಡಿನ್ ಶುದ್ಧಿ ಮಾಡುತ್ತಿದ್ದಾಗ ಕಸರಾಗಿ ಕಾಣಿಸಿಕೊಂಡದ್ದು ಈ ಟೆಕ್ನೀಷಿಯಂ. ಪೇಟೆಂಟ್ ಕೇಳಿದರೆ, ಪ್ರಯೋಗಾಲಯದಾಚೆ ಇದಕ್ಕೆ ಬೇಡಿಕೆ ಬರಲಾರದು ಎಂದು ಅಧಿಕಾರಿಗಳು ಕೈಬಿಟ್ಟರು! ಈ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ತಣಿಯದು.

ಎಂಟು ಗಂಟೆಗೆ ರೋಗಿಗಳು ಬರತೊಡಗಿದರು. ಎಕ್ಸ್‌ರೇ, ಸಿ.ಟಿ. ಅಂಗದ ಆಕಾರ ತೋರಿಸುತ್ತವೆ. ಇಲ್ಲಿ ಕಾಣುವುದು ಅಂಗ ಮಾಡುತ್ತಿರುವ ಕೆಲಸ. ಟೆಕ್ನೀಷಿಯಂಗೆ ಎಂಡಿಪಿ ಎಂಬ ಸಂಯುಕ್ತ ಬೆರೆಸಿ ಚುಚ್ಚಿದರೆ ಅದು ಮೂಳೆ ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಜಾಗವನ್ನು ಹುಡುಕಿ ಕೂರುತ್ತದೆ. ಎಕ್ಸ್‌ರೇಯಲ್ಲಿ ಊನ ಕಾಣಬೇಕಾದರೆ ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗಿರಬೇಕು. ಮೂಳೆಗೆ ಹರಡಿದ ಕ್ಯಾನ್ಸರನ್ನು, ಟೆಕ್ನೀಷಿಯಂನ ಕಿರಣಗಳಿಂದ ಚಿತ್ರ ತೆಗೆಯುವ ಗಾಮಾ ಕ್ಯಾಮೆರಾ ಎಷ್ಟೋ ಸಲ ಅದಕ್ಕೂ ಮೊದಲೇ ಹಿಡಿಯುತ್ತದೆ. 

ಚುಚ್ಚಿಸಿಕೊಂಡ ಅಜ್ಜಿಯೊಬ್ಬರು ಕೇಳಿದರು: ‘ಮನೇಲಿ ಮೊಮ್ಮಗು ಐತೆ ಕಣವ್ವ, ಎತ್ಕೊಬೋದಾ?’

‘ಇವತ್ತೊಂದಿನ ಬೇಡ ಅಜ್ಜಿ. ನೀರು ಚೆನ್ನಾಗಿ ಕುಡೀರಿ, ನಾಳೆ ಎತ್ಕೊಳ್ಳಿ.’

ಅಣು ಎಂದೊಡನೆ ಬೆಚ್ಚುವವರಿಗೆ ಈ ಉತ್ತರವೇ ಸಾಕು. 24 ಗಂಟೆಯಲ್ಲಿ ಉಳಿಯುವುದು ಹದಿನಾರನೇ ಒಂದು ಭಾಗ. ಮೂತ್ರದಲ್ಲಿ ಹೋಗುವುದು ಬೇರೆ. ಮೂಳೆ ಸ್ಕ್ಯಾನಿನ ವಿಕಿರಣ ಸುಮಾರು 4 ಮಿಲಿಸೀವರ್ಟ್. ನೆಲ-ಮುಗಿಲಿನಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮಗೆ ಹೇಗೂ ಬೀಳುತ್ತಿರುತ್ತದೆ.

ರೋಗಿಯ ಮೈಗೆ ಏನೂ ಚುಚ್ಚದೆಯೇ ಐಸೋಟೋಪು ಕೆಲಸ ಮಾಡಿದ್ದೂ ಉಂಟು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಕಸಬರಿಕೆ ಇಡುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡ ರೋಸಲಿನ್ ಯಾಲೋ, ಸಾಲೊಮನ್ ಬರ್ಸನ್ ಜೊತೆಗೂಡಿ ರೇಡಿಯೋ ಇಮ್ಯುನೊ ಅಸ್ಸೆ ರೂಪಿಸಿದರು. ವಿಕಿರಣದ ಗುರುತು ಹಚ್ಚಿದ ಹಾರ್ಮೋನು, ರೋಗಿಯ ರಕ್ತದಲ್ಲಿರುವ ಹಾರ್ಮೋನು ಎರಡನ್ನೂ ಒಂದೇ ಪ್ರತಿಕಾಯದ ಮುಂದೆ ಪೈಪೋಟಿಗೆ ಬಿಡುವ ಪರೀಕ್ಷೆ ಅದು. ಗುರುತಿನದು ಎಷ್ಟು ಸೋತಿತು ಎಂಬುದರಲ್ಲೇ ರೋಗಿಯ ಲೆಕ್ಕ ಸಿಗುತ್ತದೆ. ಇದಕ್ಕೂ ಮುಂಚಿನ ಅವರ ಇನ್ಸುಲಿನ್ ಪ್ರಬಂಧವನ್ನು ಪತ್ರಿಕೆಗಳು ತಿರಸ್ಕರಿಸಿದ್ದವು. 1977ರಲ್ಲಿ ನೊಬೆಲ್ ಉಪನ್ಯಾಸ ಕೊಟ್ಟಾಗ ಯಾಲೋ ಆ ತಿರಸ್ಕಾರ ಪತ್ರವನ್ನೂ ಸಭೆಯ ಮುಂದಿಟ್ಟರು. ಅವರಿಬ್ಬರೂ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಇಂದಿನ ಲ್ಯಾಬುಗಳಲ್ಲಿ ಥೈರಾಯ್ಡ್ ಪರೀಕ್ಷೆಗೆ ಹೆಚ್ಚಾಗಿ ಐಸೋಟೋಪಿನ ಬದಲು ಬೆಳಕು ಸೂಸುವ ರಾಸಾಯನಿಕ ಬಂದಿದೆ. ಆದರೂ ಅದು ನಿಂತಿರುವುದು ಯಾಲೋ-ಬರ್ಸನ್ ಹಾಕಿದ ಅಡಿಪಾಯದ ಮೇಲೆ.

ಈಗ ಜಾಹೀರಾತುಗಳಲ್ಲಿ ಮಿಂಚುತ್ತಿರುವುದು ಪೆಟ್ ಸ್ಕ್ಯಾನ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದರ ಬೆಲೆ ದೊಡ್ಡದು, ನಿಜ. ಆದರೆ ಅದಕ್ಕೆ ಹೆಚ್ಚಾಗಿ ಬಳಸುವ ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡಿದರೆ, ಹೊರಟದ್ದರಲ್ಲಿ ತಲುಪುವುದು ಮೂರನೇ ಒಂದು ಭಾಗ. ಬೀದರ್, ರಾಯಚೂರಿನ ಮಾತೇ ಬೇಡ. ಮಾಲಿಬ್ಡಿನಂ ಡಬ್ಬಿ ಹಾಗಲ್ಲ. ರಾತ್ರಿ ಲಾರಿ ಹತ್ತಿಸಿದರೆ ಬೆಳಿಗ್ಗೆ ಯಾವ ಜಿಲ್ಲೆಯಲ್ಲಿ ಬೇಕಾದರೂ ಕರೆಯಬಹುದು, ವಾರವಿಡೀ ಕರೆಯಬಹುದು. ಜಿಲ್ಲಾ ಆಸ್ಪತ್ರೆಗಳಿಗೆ ಹಣ ಸುರಿಯುವವರು ಮೊದಲು ಒಂದು ಗಾಮಾ ಕ್ಯಾಮೆರಾ, ಒಂದು ಹಾಟ್ ಲ್ಯಾಬ್, ಅದನ್ನು ನಡೆಸಬಲ್ಲ ತರಬೇತಾದ ಕೈಗಳನ್ನು ಕೊಡಲಿ. ಮೂಳೆಯ ನೋವು ಏನೆಂದು ತಿಳಿಯಲು ಅಜ್ಜಿಯಂದಿರು ರಾತ್ರಿ ಬಸ್ಸು ಹತ್ತಿ ರಾಜಧಾನಿಗೆ ಬರುವುದು ಅಲ್ಲಿಗೆ ತಪ್ಪುತ್ತದೆ.